ಸಿಓಪಿಡಿ ಇದ್ದವರು ಸೈಕಲ್ ತುಳಿಯಬಹುದಾ? ಮೈಯಲ್ಲಿ ಏನಾಗುತ್ತದೆ, ಹೇಗೆ ಶುರು ಮಾಡಬೇಕು

ಉಸಿರಾಟದ ಕಾಯಿಲೆ ಇರುವವರಿಗೆ ವ್ಯಾಯಾಮ ಹೇಳಿಕೊಡುವ ನನ್ನಂಥ ಫಿಸಿಯೋಥೆರಪಿಸ್ಟ್‌ಗಳಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. "ಅಪ್ಪನಿಗೆ ಸಿಓಪಿಡಿ ಇದೆ. ಮನೆಯಲ್ಲಿ ವ್ಯಾಯಾಮದ ಸೈಕಲ್ ಬಟ್ಟೆ ಒಣಗಿಸೋಕೆ ಬಳಕೆ ಆಗ್ತಿದೆ. ಅಪ್ಪನ ಕೈಲಿ ತುಳಿಸಬಹುದಾ?" ಅದರ ಬೆನ್ನಿಗೇ ಇನ್ನೊಂದು: "ಏದುಸಿರು ಬಂದ ಕೂಡಲೇ ನಿಲ್ಲಿಸಬೇಕು, ಅಲ್ವಾ?"

ಮೊದಲನೆಯದಕ್ಕೆ ಉತ್ತರ: ಹೆಚ್ಚಿನವರು ತುಳಿಯಬಹುದು, ಡಾಕ್ಟರನ್ನು ಕೇಳಿಕೊಂಡು. ಎರಡನೆಯದಕ್ಕೆ ಉತ್ತರ: ಇಲ್ಲ. ಒಂದು ಮಟ್ಟದ ಏದುಸಿರು ಬರಲೇಬೇಕು, ಇಲ್ಲದಿದ್ದರೆ ತುಳಿದೂ ಪ್ರಯೋಜನ ಕಡಿಮೆ. ಆ ಮಟ್ಟ ಯಾವುದು, ಅದನ್ನು ಮನೆಯಲ್ಲೇ ಗುರುತಿಸುವುದು ಹೇಗೆ, ಎಲ್ಲಿ ನಿಜವಾಗಿಯೂ ನಿಲ್ಲಿಸಬೇಕು ಎನ್ನುವುದೇ ಈ ಲೇಖನ.

ಸಿಓಪಿಡಿ ಎಂದರೆ ಶ್ವಾಸನಾಳಗಳು ಕಿರಿದಾಗಿ, ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಹಾಳಾಗಿ, ಒಳಗೆ ಹೋದ ಗಾಳಿ ಹೊರಗೆ ಬರುವುದೇ ಕಷ್ಟವಾಗುವ ಕಾಯಿಲೆ. ಬೀಡಿ, ಸಿಗರೇಟು ದೊಡ್ಡ ಕಾರಣ. ನಮ್ಮ ಕಡೆ ಬೀಡಿ ಮುಟ್ಟಿಯೂ ನೋಡದ ಹೆಂಗಸರಿಗೂ ಬರುತ್ತದೆ. ವರ್ಷಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದಿರುತ್ತಾರೆ. ಇಲ್ಲಿ ಬರೆದಿರುವುದು ಸಿಓಪಿಡಿ ಇರುವವರಿಗೆ ಮಾತ್ರ. ಐಎಲ್‌ಡಿ ಎಂಬ, ಶ್ವಾಸಕೋಶವೇ ಗಟ್ಟಿಯಾಗುತ್ತಾ ಹೋಗುವ ಕಾಯಿಲೆಯಲ್ಲಿ ಶ್ರಮಪಟ್ಟಾಗ ರಕ್ತದ ಆಮ್ಲಜನಕ ಬೇಗ ಇಳಿಯುತ್ತದೆ. ಅಂಥವರು ಇದನ್ನು ಓದಿ ಮನೆಯಲ್ಲಿ ಶುರು ಮಾಡಬೇಡಿ.

ತುಳಿಯುವಾಗ ಮೈಯಲ್ಲಿ ಏನಾಗುತ್ತದೆ

ಈ ಭಾಗ ಬಿಟ್ಟು ಸೀದಾ ಹಂತಗಳಿಗೆ ಹೋಗಬೇಡಿ. ಇದು ಗೊತ್ತಿದ್ದರೆ ಮುಂದಿನ ಸೂಚನೆಗಳು ಬಾಯಿಪಾಠ ಮಾಡದೆಯೂ ನೆನಪಿರುತ್ತವೆ.

ನಿಮ್ಮ ಹತ್ತಿರ ಪಿಎಫ್‌ಟಿ ರಿಪೋರ್ಟ್, ಅಂದರೆ ಕೊಳವೆಯೊಳಗೆ ಜೋರಾಗಿ ಊದಿಸುವ ಪರೀಕ್ಷೆಯ ಚೀಟಿ ಇರಬಹುದು. ಅದರಲ್ಲಿ ಎಫ್‌ಇವಿ1 ಎಂದಿರುತ್ತದೆ. ಊದಲು ಶುರು ಮಾಡಿದ ಮೊದಲ ಒಂದು ಸೆಕೆಂಡಿನಲ್ಲಿ ಹೊರಗೆ ಬಂದ ಗಾಳಿ ಅದು. ನಿಮ್ಮದು 1 ಲೀಟರ್ ಎಂದು ಇಟ್ಟುಕೊಳ್ಳಿ. ಇದನ್ನು 35ರಿಂದ 40ರ ನಡುವಿನ ಅಂಕಿಯಿಂದ ಗುಣಿಸಿದರೆ, ಒಂದು ನಿಮಿಷದಲ್ಲಿ ನೀವು ಹೆಚ್ಚೆಂದರೆ ಎಷ್ಟು ಗಾಳಿ ಉಸಿರಾಡಬಲ್ಲಿರಿ ಎನ್ನುವ ಅಂದಾಜು ಸಿಗುತ್ತದೆ. ನಿಮ್ಮ ಮಿತಿ 35ರಿಂದ 40 ಲೀಟರ್. ಎಫ್‌ಇವಿ1 3 ಲೀಟರ್ ಇರುವ ಆರೋಗ್ಯವಂತರ ಮಿತಿ 100 ಲೀಟರ್ ದಾಟುತ್ತದೆ.

ಈಗ ಸೈಕಲ್ ಹತ್ತೋಣ. 30 ವ್ಯಾಟ್ ಭಾರ ಎಂದರೆ ತೀರಾ ಹಗುರ. ಅಷ್ಟಕ್ಕೆ ಮೈಗೆ ನಿಮಿಷಕ್ಕೆ ಸುಮಾರು 0.8 ಲೀಟರ್ ಆಮ್ಲಜನಕ ಬೇಕು. ಆರೋಗ್ಯವಂತರು 20ರಿಂದ 25 ಲೀಟರ್ ಗಾಳಿ ಉಸಿರಾಡಿ ಅದನ್ನು ಪಡೆಯುತ್ತಾರೆ. ಪಕ್ಕದವರ ಜೊತೆ ಹರಟೆ ಹೊಡೆಯುತ್ತಲೇ ತುಳಿಯುತ್ತಾರೆ. ಸಿಓಪಿಡಿಯಲ್ಲಿ ಎಳೆದುಕೊಂಡ ಗಾಳಿಯಲ್ಲಿ ಒಂದು ಪಾಲು ರಕ್ತ ಸರಿಯಾಗಿ ಹರಿಯದ ಜಾಗಕ್ಕೆ ಹೋಗಿ ಸುಮ್ನೆ ವಾಪಸ್ ಬರುತ್ತದೆ. ಹಾಗಾಗಿ ಅದೇ ಕೆಲಸಕ್ಕೆ 30 ಲೀಟರ್‌ಗೂ ಜಾಸ್ತಿ ಬೇಕಾಗುತ್ತದೆ. ಮಿತಿ 35, ಬೇಕಾಗಿರುವುದು 30. ಹಗುರ ಭಾರಕ್ಕೇ ನೀವು ನಿಮ್ಮ ಮಿತಿಯ ಹತ್ತಿರ ಬಂದುಬಿಟ್ಟಿರಿ. "ಇಷ್ಟಕ್ಕೇ ಇಷ್ಟೊಂದು ಏದುಸಿರಾ" ಎಂದು ಮನೆಯವರು ಅಂದರೆ ಈ ಲೆಕ್ಕ ತೋರಿಸಿ.

ಇನ್ನೊಂದು ತೊಂದರೆ ಇದೆ. ಶ್ರಮ ಜಾಸ್ತಿಯಾದಂತೆ ಉಸಿರು ವೇಗವಾಗುತ್ತದೆ. ವೇಗವಾದಂತೆ ಹೊರಗೆ ಬಿಡಲು ಸಿಗುವ ಸಮಯ ಕಡಿಮೆಯಾಗುತ್ತದೆ. ನಾಳ ಕಿರಿದು, ಗಾಳಿ ನಿಧಾನವಾಗಿ ಹೊರಬರುತ್ತದೆ. ಪೂರ್ತಿ ಹೊರಬರುವ ಮೊದಲೇ ಮುಂದಿನ ಉಸಿರು ಎಳೆದುಕೊಳ್ಳುತ್ತೀರಿ. ಬೆಳಗಿನ ಹೊತ್ತು ಸಿಟಿ ಬಸ್ಸಿನಲ್ಲಿ ಆಗುವುದೂ ಇದೇ: ಇಳಿಯುವವರು ಇಳಿಯುವ ಮೊದಲೇ ಹತ್ತುವವರು ನುಗ್ಗುತ್ತಾರೆ, ಎರಡು ಸ್ಟಾಪ್ ಕಳೆಯುವಷ್ಟರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಎದೆಯಲ್ಲಿ ಹಳೇ ಗಾಳಿ ಪ್ರತಿ ಉಸಿರಿಗೂ ಸ್ವಲ್ಪ ಸ್ವಲ್ಪ ಸೇರುತ್ತಾ ಹೋಗುತ್ತದೆ. ಎದೆಗೂಡು ಉಬ್ಬಿ ನಿಲ್ಲುತ್ತದೆ, ವಪೆ ಕೆಳಗೆ ಚಪ್ಪಟೆಯಾಗುತ್ತದೆ. ವಪೆ ಎಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಮುಖ್ಯ ಉಸಿರಾಟದ ಸ್ನಾಯು. ಹೊಸ ಗಾಳಿಗೆ ಜಾಗವೇ ಉಳಿಯುವುದಿಲ್ಲ. ಡಾಕ್ಟರುಗಳು ಇದನ್ನು ಡೈನಾಮಿಕ್ ಹೈಪರ್‌ಇನ್‌ಫ್ಲೇಶನ್ ಎನ್ನುತ್ತಾರೆ. ಸಿಓಪಿಡಿ ಇರುವವರ ಏದುಸಿರಿಗೆ ಇದು ದೊಡ್ಡ ಕಾರಣ.

ಇಲ್ಲೊಂದು ತಮಾಷೆ ನೋಡಿ. ಈ ಸ್ಥಿತಿಯಲ್ಲಿ ಯಾರನ್ನು ಕೇಳಿದರೂ "ಗಾಳಿ ಒಳಗೆ ಹೋಗ್ತಾ ಇಲ್ಲ" ಎಂದೇ ಹೇಳುತ್ತಾರೆ. ಹಾಗನಿಸುವುದು ನಿಜ. ಆದರೆ ಮೂಲ ತೊಂದರೆ ಗಾಳಿ ಹೊರಗೆ ಹೋಗದಿರುವುದು. ಇನ್ನಷ್ಟು ಜೋರಾಗಿ ಎಳೆದುಕೊಂಡರೆ ಎದೆ ಇನ್ನಷ್ಟು ಉಬ್ಬುತ್ತದೆ. ಮಾಡಬೇಕಾದದ್ದು ಹೊರಗೆ ಬಿಡುವ ಕೆಲಸ.

ಇನ್ನು ಕಾಲಿನ ಕಥೆ. ಇದನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸೈಕಲ್ ಪರೀಕ್ಷೆ ಮಾಡಿಸಿ "ಯಾಕೆ ನಿಲ್ಲಿಸಿದಿರಿ" ಎಂದು ಕೇಳಿದರೆ ಎಷ್ಟೋ ಮಂದಿ ಉಸಿರನ್ನಲ್ಲ, ತೊಡೆಯನ್ನು ತೋರಿಸುತ್ತಾರೆ. ಏದುಸಿರಿಗೆ ಹೆದರಿ ನಡೆಯುವುದು ಬಿಟ್ಟಿರುತ್ತಾರೆ, ಮೆಟ್ಟಿಲು ಬಿಟ್ಟಿರುತ್ತಾರೆ. ತೊಡೆಯ ಸ್ನಾಯು ಸಣ್ಣಗಾಗುತ್ತದೆ. ಜೊತೆಗೆ ಅದರ ಗುಣವೂ ಬದಲಾಗುತ್ತದೆ: ಆಮ್ಲಜನಕ ಬಳಸಿ ನಿಧಾನವಾಗಿ, ದಣಿಯದೆ ದುಡಿಯುವ ಎಳೆಗಳು ಕಡಿಮೆಯಾಗಿ, ಬೇಗ ದಣಿಯುವ ಎಳೆಗಳ ಪಾಲು ಹೆಚ್ಚುತ್ತದೆ. ಅಂಥ ಸ್ನಾಯು ಸ್ವಲ್ಪ ಕೆಲಸಕ್ಕೇ ಲ್ಯಾಕ್ಟಿಕ್ ಆಮ್ಲ ಉತ್ಪತ್ತಿ ಮಾಡುತ್ತದೆ. ರಕ್ತ ಆ ಆಮ್ಲವನ್ನು ತಟಸ್ಥ ಮಾಡುವಾಗ ಹೆಚ್ಚುವರಿ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅದನ್ನು ಹೊರಹಾಕಲು ಇನ್ನೂ ಜಾಸ್ತಿ ಉಸಿರಾಡಬೇಕು. ಮೊದಲೇ ಮಿತಿಯ ಹತ್ತಿರ ಇರುವ ಶ್ವಾಸಕೋಶಕ್ಕೆ ಕಾಲು ಹೆಚ್ಚುವರಿ ಕೆಲಸ ಕೊಟ್ಟಂತಾಯಿತು.

ಹಾಗಾದರೆ ಸೈಕಲ್ ತುಳಿದರೆ ಸುಧಾರಿಸುವುದು ಏನು? ಶ್ವಾಸಕೋಶ ಅಲ್ಲ. ಮೂರು ತಿಂಗಳು ತುಳಿದು ಮತ್ತೆ ಪಿಎಫ್‌ಟಿ ಮಾಡಿಸಿದರೆ ಎಫ್‌ಇವಿ1 ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಅದನ್ನು ನೋಡಿ ಬೇಸರ ಮಾಡಿಕೊಂಡು ಬಿಟ್ಟವರಿದ್ದಾರೆ. ಸುಧಾರಿಸುವುದು ಕಾಲು. ತೊಡೆಯಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ, ಆಮ್ಲಜನಕ ಬಳಸುವ ಶಕ್ತಿ ಹೆಚ್ಚುತ್ತದೆ, ಅದೇ ಭಾರಕ್ಕೆ ಲ್ಯಾಕ್ಟಿಕ್ ಆಮ್ಲ ಕಡಿಮೆ ಬರುತ್ತದೆ. ಆಗ ಅದೇ ಕೆಲಸಕ್ಕೆ ಬೇಕಾದ ಗಾಳಿ ಕಡಿಮೆ. ಉಸಿರು ನಿಧಾನವಾಗುತ್ತದೆ, ಹೊರಬಿಡಲು ಸಮಯ ಸಿಗುತ್ತದೆ, ಎದೆ ಉಬ್ಬುವುದು ತಡವಾಗುತ್ತದೆ. 1991ರಲ್ಲಿ ರಿಚರ್ಡ್ ಕ್ಯಾಸಬುರಿ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಸಿಓಪಿಡಿ ಇದ್ದ ಒಂದು ಗುಂಪಿಗೆ ಜಾಸ್ತಿ ಭಾರ, ಇನ್ನೊಂದು ಗುಂಪಿಗೆ ಕಡಿಮೆ ಭಾರ ಕೊಟ್ಟು ಹೆಚ್ಚು ಹೊತ್ತು ತುಳಿಸಿದರು. ಒಟ್ಟು ಕೆಲಸ ಎರಡು ಗುಂಪಿಗೂ ಒಂದೇ. ಲ್ಯಾಕ್ಟಿಕ್ ಆಮ್ಲವೂ ಉಸಿರಾಟದ ಹೊರೆಯೂ ಚೆನ್ನಾಗಿ ಇಳಿದದ್ದು ಜಾಸ್ತಿ ಭಾರ ತುಳಿದವರಲ್ಲಿ. ಟಿವಿ ನೋಡುತ್ತಾ ಭಾರವೇ ಇಲ್ಲದ ಪೆಡಲನ್ನು ಅರ್ಧ ಗಂಟೆ ತಿರುಗಿಸುವುದರ ಬಗ್ಗೆ ನನಗೆ ಉತ್ಸಾಹ ಇಲ್ಲದಿರುವುದು ಇದಕ್ಕೇ. ಏನೂ ಮಾಡದಿರುವುದಕ್ಕಿಂತ ಅದು ವಾಸಿ, ಅಷ್ಟೆ.

1. ಮೊದಲು ಡಾಕ್ಟರ ಒಪ್ಪಿಗೆ

ಬೀಡಿ ಶ್ವಾಸಕೋಶವನ್ನಷ್ಟೇ ಹಾಳು ಮಾಡುವುದಿಲ್ಲ, ಹೃದಯದ ರಕ್ತನಾಳಗಳನ್ನೂ ಹಾಳು ಮಾಡುತ್ತದೆ. ಹಾಗಾಗಿ ಇಸಿಜಿ, ಬೇಕೆಂದರೆ ಎಕೋ, ಬಿಪಿ ಎಲ್ಲ ನೋಡಿಸಿ. ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿಸಲು ಕೇಳಿ. ಸಮತಟ್ಟಾದ ಜಾಗದಲ್ಲಿ ಆರು ನಿಮಿಷ ನಡೆಸಿ, ಎಷ್ಟು ದೂರ ಹೋದಿರಿ, ಆಮ್ಲಜನಕ ಎಷ್ಟು ಇಳಿಯಿತು ಎಂದು ನೋಡುವ ಪರೀಕ್ಷೆ ಅದು. ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಎದೆರೋಗ ವಿಭಾಗದಲ್ಲಿ ಕೇಳಿ ನೋಡಿ.

ಕೆಳಗಿನವುಗಳಲ್ಲಿ ಒಂದಿದ್ದರೂ ಮನೆಯಲ್ಲಿ ಶುರು ಮಾಡಬೇಡಿ:

- ಸುಮ್ಮನೆ ಕೂತಾಗಲೇ ಆಕ್ಸಿಮೀಟರ್ 88ಕ್ಕಿಂತ ಕಡಿಮೆ ತೋರಿಸುವುದು
- ಇತ್ತೀಚೆಗೆ ಹೃದಯಾಘಾತ ಆಗಿರುವುದು, ಅಥವಾ ಸ್ವಲ್ಪ ಶ್ರಮಕ್ಕೇ ಎದೆನೋವು
- ಹತೋಟಿಗೆ ಬಾರದ ಬಿಪಿ, ತಾಳ ತಪ್ಪುವ ಎದೆಬಡಿತ
- ಶ್ರಮಪಟ್ಟಾಗ ತಲೆ ಸುತ್ತಿ ಬಿದ್ದಿರುವುದು
- ಜ್ವರ, ಕಫದ ಬಣ್ಣ ಹಳದಿ ಅಥವಾ ಹಸಿರಿಗೆ ತಿರುಗಿರುವುದು, ಎರಡು ದಿನದಿಂದ ಉಬ್ಬಸ ಜಾಸ್ತಿಯಾಗಿರುವುದು

2. ಯಾವ ಸೈಕಲ್, ಎಲ್ಲಿ ಇಡಬೇಕು

ಇಟ್ಟ ಜಾಗದಲ್ಲೇ ಇರುವ, ಕೂತು ತುಳಿಯುವ ವ್ಯಾಯಾಮದ ಸೈಕಲ್ ಸಾಕು. ಭಾರ ಹೆಚ್ಚು ಕಡಿಮೆ ಮಾಡುವ ತಿರುಪು ಇರಬೇಕು, ಸೀಟು ಮೇಲೆ ಕೆಳಗೆ ಆಗಬೇಕು, ಹ್ಯಾಂಡಲ್ ಅಲುಗಬಾರದು.

ಕೊನೆಯ ಮಾತು ಗಮನಿಸಿ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು ಏರ್ ಬೈಕ್. ಪೆಡಲ್ ಜೊತೆ ಹ್ಯಾಂಡಲೂ ಹಿಂದೆ ಮುಂದೆ ಆಡುತ್ತದೆ. ಸಿಓಪಿಡಿ ಇರುವವರು ಉಸಿರಾಡಲು ಕುತ್ತಿಗೆ, ಭುಜದ ಸ್ನಾಯುಗಳ ಸಹಾಯ ಪಡೆಯುತ್ತಿರುತ್ತಾರೆ. ಅವೇ ಸ್ನಾಯುಗಳಿಗೆ ಹ್ಯಾಂಡಲ್ ತಳ್ಳುವ ಕೆಲಸವನ್ನೂ ಕೊಟ್ಟರೆ ಕಾಲು ದಣಿಯುವ ಮೊದಲೇ ಉಸಿರು ಸೋಲುತ್ತದೆ. ಅಂಥ ಸೈಕಲ್ ಇದ್ದರೆ ಅಲುಗದ ಹಿಡಿ ಇದೆಯೇ ನೋಡಿ, ಅದನ್ನೇ ಹಿಡಿಯಿರಿ. ಹೊಸದು ಕೊಳ್ಳುವವರು ಏರ್ ಬೈಕ್ ಬಿಟ್ಟು ಬೇರೆ ನೋಡಿ. ಕುರ್ಚಿಯ ಮುಂದೆ ನೆಲದ ಮೇಲಿಡುವ ಪುಟ್ಟ ಪೆಡಲ್ ಯಂತ್ರವೂ ತೀರಾ ನಿಶ್ಶಕ್ತರಿಗೆ ಆರಂಭಕ್ಕೆ ಆಗುತ್ತದೆ. ಆದರೆ ಭಾರ ಹೆಚ್ಚಿಸಿದರೆ ಅದು ನೆಲದ ಮೇಲೆ ಜಾರುತ್ತದೆ.

ಅಡುಗೆಮನೆಯ ಪಕ್ಕ ಇಡಬೇಡಿ. ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಒಂದೇ ಸಾಕು, ಆ ದಿನದ ವ್ಯಾಯಾಮ ಮುಗಿದಂತೆ. ಊದುಬತ್ತಿ, ಸೊಳ್ಳೆಬತ್ತಿ ಹಚ್ಚಿದ ಕೋಣೆಯೂ ಬೇಡ. ಎದುರಿಗೆ ಟೇಬಲ್ ಫ್ಯಾನ್ ಇಟ್ಟು ಮುಖಕ್ಕೆ ಗಾಳಿ ಬರುವಂತೆ ಮಾಡಿ. ಮುಖದ ಮೇಲೆ ತಣ್ಣನೆ ಗಾಳಿ ಆಡಿದರೆ ಏದುಸಿರಿನ ಅನುಭವ ಕಡಿಮೆಯಾಗುತ್ತದೆ.

ರಸ್ತೆಯಲ್ಲಿ ಸೈಕಲ್? ಧೂಳು, ಹೊಗೆ, ಏರು, ಹಿಂದಿನಿಂದ ಹಾರ್ನು. ಭಾರ ನಿಮ್ಮ ಕೈಯಲ್ಲಿ ಇರುವುದಿಲ್ಲ. ಮೊದಲ ತಿಂಗಳುಗಳಲ್ಲಿ ಬೇಡವೇ ಬೇಡ.

3. ಹತ್ತುವ ಮೊದಲು

ಡಾಕ್ಟರು ಶ್ರಮಕ್ಕೆ ಮೊದಲು ತೆಗೆದುಕೊಳ್ಳಲು ಪಂಪ್ ಕೊಟ್ಟಿದ್ದರೆ, ಅಂದರೆ ಸಾಲ್ಬುಟಮಾಲ್‌ನಂಥ ತಕ್ಷಣ ನಾಳ ಹಿಗ್ಗಿಸುವ ಇನ್‌ಹೇಲರ್, 10ರಿಂದ 15 ನಿಮಿಷ ಮುಂಚೆ ತೆಗೆದುಕೊಳ್ಳಿ. ಪಂಪ್ ತೆಗೆದುಕೊಂಡು ಮರುಕ್ಷಣ ಹತ್ತಬೇಡಿ. ದಿನವೂ ತೆಗೆದುಕೊಳ್ಳುವ ಔಷಧಿಯನ್ನು "ಹೇಗೂ ವ್ಯಾಯಾಮ ಮಾಡ್ತಿದ್ದೀನಲ್ಲ" ಎಂದು ಬಿಡಬೇಡಿ. ನಾಳ ಹಿಗ್ಗಿದ್ದರೆ ಎದೆ ಉಬ್ಬುವುದು ಕಡಿಮೆ, ಕಾಲಿಗೆ ಹೆಚ್ಚು ಕೆಲಸ ಕೊಡಬಹುದು. ಔಷಧಿ ಮತ್ತು ವ್ಯಾಯಾಮ ಒಂದಕ್ಕೊಂದು ಜೋಡಿ.

ಕಫ ಇದ್ದರೆ ಕೆಮ್ಮಿ ತೆಗೆದುಬಿಡಿ. ಊಟವಾದ ಮೇಲೆ ಒಂದೂವರೆ, ಎರಡು ಗಂಟೆ ಬಿಡಿ. ಹೊಟ್ಟೆ ತುಂಬಾ ಮುದ್ದೆ ಉಂಡು ಹತ್ತಿದರೆ ವಪೆಗೆ ಆಡಲು ಜಾಗ ಇರುವುದಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಶುರು ಮಾಡಬೇಡಿ, ಪಕ್ಕದಲ್ಲಿ ಸಿಹಿ ಏನಾದರೂ ಇರಲಿ. ಚಳಿಗಾಲದ ಮುಂಜಾನೆಗಿಂತ ಬಿಸಿಲೇರಿದ ಮೇಲೆ ಒಳ್ಳೆಯದು.

4. ಕೂರುವುದು, ಉಸಿರಾಡುವುದು

ಪೆಡಲ್ ತೀರಾ ಕೆಳಗೆ ಬಂದಾಗ ಮಂಡಿ ಸ್ವಲ್ಪ ಮಡಚಿರಬೇಕು. ಪೂರ್ತಿ ನೆಟ್ಟಗಾದರೆ ಸೀಟು ಎತ್ತರ, ಮಂಡಿ ಎದೆಯ ಕಡೆ ಬಂದರೆ ಸೀಟು ಕುಳ್ಳು. "ನನಗೆ ಮಂಡಿ ನೋವು ಬಂತು, ಬಿಟ್ಟೆ" ಎನ್ನುವ ಹಲವರ ಸೀಟು ಎರಡು ಬೆರಳಿನಷ್ಟು ಎತ್ತರಿಸಿದರೆ ಸರಿಹೋಗುತ್ತದೆ.

ಸ್ವಲ್ಪ ಮುಂದಕ್ಕೆ ಬಾಗಿ ಎರಡೂ ಕೈ ಹ್ಯಾಂಡಲ್ ಮೇಲೆ ಊರಿ. ಕೈ ಊರಿದಾಗ ಭುಜದ ಸ್ನಾಯುಗಳು ಎದೆಗೂಡನ್ನು ಎತ್ತಲು ನೆರವಾಗುತ್ತವೆ. ಸೈಕಲ್ಲಿನ ಒಂದು ಅನುಕೂಲವೇ ಇದು. ಆದರೆ ಹ್ಯಾಂಡಲನ್ನು ಬಿಗಿಯಾಗಿ ಹಿಸುಕಬೇಡಿ. ಬೆರಳ ಗೆಣ್ಣು ಬೆಳ್ಳಗಾಗಿದ್ದರೆ, ಭುಜ ಕಿವಿಯ ಹತ್ತಿರ ಏರಿದ್ದರೆ, ಸಡಿಲ ಬಿಡಿ.

ಉಸಿರು ಹೀಗೆ: ಮೂಗಿನಿಂದ ಒಳಗೆ, ತುಟಿ ಚೂಪು ಮಾಡಿ ಬಾಯಿಂದ ನಿಧಾನವಾಗಿ ಹೊರಗೆ. ಬಲಗಾಲು ಕೆಳಗೆ ಬಂದಾಗೊಮ್ಮೆ ಎಣಿಸಿ. ಒಂದು ಸುತ್ತು ಒಳಗೆ, ಎರಡು ಸುತ್ತು ಹೊರಗೆ. ನಿಮಿಷಕ್ಕೆ 60 ಸುತ್ತು ತುಳಿದರೆ ನಿಮಿಷಕ್ಕೆ 20 ಉಸಿರು ಬರುತ್ತದೆ. ಚೂಪು ಮಾಡಿದ ತುಟಿ ಗಾಳಿಗೆ ಸ್ವಲ್ಪ ತಡೆ ಒಡ್ಡುತ್ತದೆ, ಆ ಒತ್ತಡ ಒಳಗಿನ ನಾಳಗಳನ್ನು ಬೇಗ ಮುಚ್ಚಿಕೊಳ್ಳದಂತೆ ಹಿಡಿದಿಡುತ್ತದೆ. ಭಾರ ಜಾಸ್ತಿಯಾದಾಗ ಈ ಲೆಕ್ಕ ಹಿಡಿಯಲು ಆಗದಿದ್ದರೆ ಬಲವಂತ ಬೇಡ. ಹೊರಗೆ ಬಿಡುವುದು ಒಳಗೆ ಎಳೆಯುವುದಕ್ಕಿಂತ ಉದ್ದ ಇದ್ದರೆ ಸಾಕು.

ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. "ಗಾಳಿ ಹೊರಗೆ ಬಿಡಿ" ಎಂದರೆ ಹೊಟ್ಟೆ ಬಿಗಿದು ದಬ್ಬಿ ಊದುತ್ತಾರೆ. ದಬ್ಬಿದರೆ ನಾಳ ಹಿಂಡಿದಂತಾಗಿ ಇನ್ನೂ ಬೇಗ ಮುಚ್ಚುತ್ತದೆ. ಸಲೀಸಾಗಿ, ಉದ್ದಕ್ಕೆ ಬಿಡಿ. ತುಳಿಯುವಾಗ ಉಸಿರು ಹಿಡಿಯಬೇಡಿ.

5. ನಿಮ್ಮ ಭಾರ ಯಾವುದು

ಆಸ್ಪತ್ರೆಯಲ್ಲಾದರೆ ವ್ಯಾಟ್ ಲೆಕ್ಕದಲ್ಲಿ ಪರೀಕ್ಷೆ ಮಾಡಿ, ನೀವು ತಲುಪಿದ ಗರಿಷ್ಠ ಭಾರದ 60 ಶೇಕಡಾ ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿಗೆ ಹೊಂದಿಸುತ್ತಾರೆ. ಮನೆಯ ಸೈಕಲ್ಲಿನ ತಿರುಪಿನಲ್ಲಿ 1, 2, 3 ಎಂದಷ್ಟೇ ಇರುತ್ತದೆ. ಒಂದು ಕಂಪನಿಯ 3, ಇನ್ನೊಂದರ 5 ಆಗಬಹುದು. ಆದ್ದರಿಂದ ತಿರುಪನ್ನು ನಂಬಬೇಡಿ, ನಿಮ್ಮ ಮೈಯನ್ನು ಕೇಳಿ. ಅದಕ್ಕೆ ಬೋರ್ಗ್ ಅಳತೆ ಇದೆ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಮಾಡಿದ್ದು. ಏದುಸಿರಿಗೆ 0ಯಿಂದ 10ರವರೆಗೆ ಅಂಕ ಕೊಡುವುದು:

0: ಏನೂ ಇಲ್ಲ
1: ಬಹಳ ಕಡಿಮೆ
2: ಕಡಿಮೆ
3: ಮಧ್ಯಮ
4: ಸ್ವಲ್ಪ ಜಾಸ್ತಿ
5: ಜಾಸ್ತಿ
7: ತುಂಬಾ ಜಾಸ್ತಿ
10: ಇನ್ನು ತಡೆಯಲಾರೆ

ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಎದುರಿನ ಗೋಡೆಗೆ ಅಂಟಿಸಿ. ಉಸಿರಿಗೆ ಒಂದು ಅಂಕ, ತೊಡೆಯ ದಣಿವಿಗೆ ಒಂದು ಅಂಕ. ಎರಡರಲ್ಲಿ ಒಂದು 4ರಿಂದ 6ರ ನಡುವೆ ಇರಬೇಕು. ಆಗ ನೀವು ಮೂರ್ನಾಲ್ಕು ಪದದ ಮಾತು ಆಡಬಲ್ಲಿರಿ, ಉದ್ದದ ಮಾತಾಡಲು ನಡುವೆ ಉಸಿರು ತೆಗೆದುಕೊಳ್ಳಬೇಕಾಗುತ್ತದೆ. ಫೋನಿನಲ್ಲಿ ಆರಾಮಾಗಿ ಮಾತಾಡುತ್ತಾ ತುಳಿಯುತ್ತಿದ್ದೀರಾ? ಭಾರ ಕಡಿಮೆ ಆಯಿತು. ಒಂದು ಪದವೂ ಹೊರಡುತ್ತಿಲ್ಲವೇ? ಜಾಸ್ತಿ ಆಯಿತು.

220ರಿಂದ ವಯಸ್ಸು ಕಳೆದು ನಾಡಿಬಡಿತ ಲೆಕ್ಕ ಹಾಕುವ ಸೂತ್ರವನ್ನು ಇಲ್ಲಿಗೆ ತರಬೇಡಿ. ಸಿಓಪಿಡಿಯಲ್ಲಿ ಹೃದಯ ತನ್ನ ಮಿತಿ ಮುಟ್ಟುವ ಮೊದಲೇ ಉಸಿರೋ ಕಾಲೋ ಸೋತಿರುತ್ತದೆ. ಪಂಪಿನ ಔಷಧಿ ನಾಡಿಬಡಿತ ಏರಿಸುತ್ತದೆ, ಕೆಲವು ಬಿಪಿ ಮಾತ್ರೆ ಇಳಿಸುತ್ತದೆ. ಕೈಗಡಿಯಾರ ತೋರಿಸುವ ಬಣ್ಣ ನೋಡಿ ತುಳಿದರೆ ದಾರಿ ತಪ್ಪುತ್ತೀರಿ.

6. ಮೊದಲ ವಾರಗಳು

ಒಂದೇ ಸಮನೆ 20 ನಿಮಿಷ ತುಳಿಯಲು ಹೋಗಬೇಡಿ. ಬಿಟ್ಟು ಬಿಟ್ಟು ತುಳಿಯಿರಿ. 30 ಸೆಕೆಂಡು ಭಾರದ ಜೊತೆ, 30 ಸೆಕೆಂಡು ಭಾರವಿಲ್ಲದೆ ಅಥವಾ ಸುಮ್ಮನೆ ಕೂತು. ಆ 30 ಸೆಕೆಂಡಿನ ಬಿಡುವಿನಲ್ಲಿ ಎದೆಯಲ್ಲಿ ಸೇರಿದ ಹಳೇ ಗಾಳಿ ಹೊರಹೋಗುತ್ತದೆ. ಹಾಗಾಗಿ ಕಾಲಿಗೆ ಒಳ್ಳೆಯ ಭಾರ ಕೊಟ್ಟರೂ ಉಸಿರು ಮಿತಿ ಮೀರುವುದಿಲ್ಲ. ಒಂದೇ ಸಮನೆ ತುಳಿದವರಿಗೂ ಹೀಗೆ ಬಿಟ್ಟು ತುಳಿದವರಿಗೂ ಲಾಭ ಹೆಚ್ಚುಕಡಿಮೆ ಒಂದೇ ಎಂದು ಅಧ್ಯಯನಗಳು ಹೇಳುತ್ತವೆ. ಕಾಯಿಲೆ ತೀವ್ರವಾಗಿರುವವರಿಗೆ ಇದೇ ಸಲೀಸು.

ಮೊದಲ ವಾರ: ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು. 3ರಿಂದ 5 ನಿಮಿಷ ಭಾರವಿಲ್ಲದೆ ನಿಧಾನವಾಗಿ. ನಂತರ 10 ನಿಮಿಷ ಈ ಬಿಟ್ಟು ಬಿಟ್ಟು ತುಳಿಯುವುದು. ಕೊನೆಗೆ ಮತ್ತೆ 3 ನಿಮಿಷ ನಿಧಾನ. ಸುತ್ತು ನಿಮಿಷಕ್ಕೆ 50ರಿಂದ 60 ಇರಲಿ. ಒಮ್ಮೆಲೇ ನಿಲ್ಲಿಸಿ ಇಳಿಯಬೇಡಿ, ಬಿಪಿ ಇಳಿದು ತಲೆ ಸುತ್ತಬಹುದು.

ಆಸ್ಪತ್ರೆಯಲ್ಲಿ ಒಂದೊಂದೇ ಕಾಲಿನಿಂದ ತುಳಿಸುವ ಪದ್ಧತಿಯೂ ಇದೆ. ಒಂದು ಸಲಕ್ಕೆ ದುಡಿಯುವ ಸ್ನಾಯು ಅರ್ಧವಾದ್ದರಿಂದ ಉಸಿರಿನ ಬೇಡಿಕೆ ಕಡಿಮೆ, ಆದರೆ ಆ ಕಾಲಿಗೆ ಪೂರ್ತಿ ಕೆಲಸ. ಮನೆಯಲ್ಲಿ ಇದನ್ನು ಪ್ರಯತ್ನಿಸಬೇಡಿ. ಪೆಡಲ್ ವ್ಯವಸ್ಥೆಯೂ ಬೇರೆ ಬೇಕು, ಪಕ್ಕದಲ್ಲಿ ನೋಡುವವರೂ ಬೇಕು.

7. ಹೆಚ್ಚಿಸುವುದು

ಒಂದು ಸಲಕ್ಕೆ ಒಂದನ್ನೇ ಹೆಚ್ಚಿಸಿ. ಮೊದಲು ಸಮಯ, ಆಮೇಲೆ ಭಾರ. ವಾರಕ್ಕೆ 3ರಿಂದ 5 ನಿಮಿಷ ಸೇರಿಸುತ್ತಾ 20ರಿಂದ 30 ನಿಮಿಷ ಮುಟ್ಟಿ. ಅದೇ ಭಾರಕ್ಕೆ ಅಂಕ 3ಕ್ಕೆ ಇಳಿದರೆ ತಿರುಪು ಒಂದು ಹೆಜ್ಜೆ ಮೇಲೆ. ಚೆನ್ನಾಗಿದೆ ಎನಿಸಿದ ದಿನ ಎರಡನ್ನೂ ಒಟ್ಟಿಗೆ ಹೆಚ್ಚಿಸಿ, ಮರುದಿನ ತೊಡೆ ಹಿಡಿದುಕೊಂಡು, ವಾರ ಪೂರ್ತಿ ಬಿಡುವವರೇ ಜಾಸ್ತಿ. ವ್ಯತ್ಯಾಸ ತಿಳಿಯಲು 8ರಿಂದ 12 ವಾರ ಬೇಕು. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ತಿರುಪಿನ ಅಂಕಿ, ನಿಮಿಷ, ಉಸಿರಿನ ಅಂಕ, ಕಾಲಿನ ಅಂಕ ಬರೆಯಿರಿ.

ತೀರಾ ತೆಳ್ಳಗಿರುವವರು ಊಟದ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಮೊಟ್ಟೆ, ಬೇಳೆ, ಹಾಲು ಇಲ್ಲದೆ ತುಳಿದರೆ ಸ್ನಾಯು ಎಲ್ಲಿಂದ ಬರಬೇಕು?

8. ಆಕ್ಸಿಮೀಟರ್ ನೋಡುವ ಬಗೆ

ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಇದ್ದರೆ ಸೆಲ್ ಬದಲಾಯಿಸಿ ಹೊರಗೆ ತೆಗೆಯಿರಿ. ಕೈ ತಣ್ಣಗಿದ್ದರೆ ಉಜ್ಜಿ ಬಿಸಿ ಮಾಡಿ. ಉಗುರುಬಣ್ಣ ತೆಗೆಯಿರಿ. ಹ್ಯಾಂಡಲ್ ಹಿಸುಕಿ ಹಿಡಿದ ಬೆರಳಿಗೆ ಹಾಕಿದರೆ ಸುಳ್ಳು ಅಂಕಿ ಬರುತ್ತದೆ, ಆ ಕೈಯನ್ನು ಸಡಿಲವಾಗಿ ಇಡಿ. ಅಂಕಿ ನಿಲ್ಲಲು ಕೆಲವು ಸೆಕೆಂಡು ಕಾಯಿರಿ. ಕಪ್ಪು ಚರ್ಮದವರಲ್ಲಿ ಈ ಯಂತ್ರ ನಿಜಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುವುದುಂಟು. ಆದ್ದರಿಂದ ಅಂಚಿನ ಅಂಕಿಯನ್ನು "ಪರವಾಗಿಲ್ಲ" ಎಂದು ಬಿಡಬೇಡಿ.

88ಕ್ಕಿಂತ ಕೆಳಗೆ ಇಳಿದರೆ ನಿಲ್ಲಿಸಿ, ವಿಶ್ರಾಂತಿ ತೆಗೆದುಕೊಳ್ಳಿ, ಡಾಕ್ಟರಿಗೆ ತಿಳಿಸಿ. ಇನ್ನೊಂದು ವಿಷಯ: ಸಿಓಪಿಡಿಯಲ್ಲಿ ಸೈಕಲ್ ತುಳಿಯುವಾಗ ಇಳಿಯುವುದಕ್ಕಿಂತ ನಡೆಯುವಾಗ ಆಮ್ಲಜನಕ ಜಾಸ್ತಿ ಇಳಿಯುತ್ತದೆ. ಸೈಕಲ್ಲಿನ ಮೇಲೆ 93 ಇದ್ದವರು ಮೆಟ್ಟಿಲು ಹತ್ತಿದಾಗ 86 ಆಗಬಹುದು. "ಸೈಕಲ್ ಮೇಲೆ ಸರಿಯಾಗಿದೆ" ಎಂದು ನಡಿಗೆಯಲ್ಲಿ ನೋಡದೆ ಬಿಡಬೇಡಿ.

ಮನೆಯಲ್ಲಿ ಆಕ್ಸಿಜನ್ ಯಂತ್ರ ಇಟ್ಟುಕೊಂಡವರು ತುಳಿಯುವಾಗ ಎಷ್ಟು ಲೀಟರ್ ಇಡಬೇಕು ಎಂದು ಡಾಕ್ಟರಿಂದ ಬರೆಸಿಕೊಳ್ಳಿ. ಏದುಸಿರು ಬಂತೆಂದು ನೀವೇ ತಿರುಗಿಸಿ ಹೆಚ್ಚಿಸಬೇಡಿ. ಕೆಲವರಲ್ಲಿ ಅತಿಯಾದ ಆಮ್ಲಜನಕದಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಬರುತ್ತದೆ. ಕೊಳವೆ ಪೆಡಲಿಗೆ ಸಿಕ್ಕಿಕೊಳ್ಳದಂತೆ ಹಿಂದಿನಿಂದ ತನ್ನಿ. ಆ ಕೋಣೆಯಲ್ಲಿ ದೀಪ, ಬೀಡಿ, ಒಲೆ ಯಾವುದೂ ಇರಬಾರದು.

9. ತಕ್ಷಣ ನಿಲ್ಲಿಸಬೇಕಾದದ್ದು

ಎದೆ ಬಿಗಿತ ಅಥವಾ ನೋವು. ದವಡೆಗೆ, ಎಡಗೈಗೆ ಹರಡಿದರಂತೂ ಕೂಡಲೇ ಆಸ್ಪತ್ರೆಗೆ. ತಲೆ ಸುತ್ತು, ಕಣ್ಣು ಕತ್ತಲೆ. ತುಟಿ, ಉಗುರು ನೀಲಿ. ಮಾತು ತಡವರಿಸುವುದು, ಗೊಂದಲ. ಎದೆಬಡಿತ ತಾಳ ತಪ್ಪಿದಂತೆ ಅನಿಸುವುದು. ಕಫದಲ್ಲಿ ರಕ್ತ.

ಇವು ಯಾವುದೂ ಇಲ್ಲದೆ ಬರೀ ಏದುಸಿರು ಇದ್ದರೆ ಗಾಬರಿ ಬೇಡ. ಗಾಬರಿಯಿಂದ ಉಸಿರು ಇನ್ನೂ ವೇಗವಾಗಿ ಎದೆ ಇನ್ನೂ ಉಬ್ಬುತ್ತದೆ. ಭಾರ ತೆಗೆದು, ಮೊಣಕೈ ಹ್ಯಾಂಡಲ್ ಮೇಲೆ ಊರಿ, ತುಟಿ ಚೂಪು ಮಾಡಿ ಉಸಿರು ಹೊರಗೆ ಬಿಡಿ. ಎರಡು ಮೂರು ನಿಮಿಷದಲ್ಲಿ ಅಂಕ ಇಳಿಯಲು ಶುರುವಾಗಬೇಕು. 10 ನಿಮಿಷವಾದರೂ ಮೊದಲಿನ ಮಟ್ಟಕ್ಕೆ ಬರದಿದ್ದರೆ ನಿಮಗೆ ಹೇಳಿರುವಂತೆ ಪಂಪ್ ತೆಗೆದುಕೊಳ್ಳಿ. ಆಗಲೂ ಇಳಿಯದಿದ್ದರೆ ಡಾಕ್ಟರನ್ನು ಕಾಣಿ.

10. ನಡುವೆ ನಿಂತುಹೋದರೆ

ನಿಲ್ಲುತ್ತದೆ. ಮಳೆಗಾಲದ ನೆಗಡಿ, ಮನೆಯಲ್ಲಿ ಮದುವೆ, ಆಸ್ಪತ್ರೆ ಸೇರುವುದು. ಕಾಯಿಲೆ ಉಲ್ಬಣಿಸಿ ಮಲಗಿದ ಕೆಲವೇ ದಿನಗಳಲ್ಲಿ ತೊಡೆಯ ಶಕ್ತಿ ಕಾಣುವಷ್ಟು ಇಳಿಯುತ್ತದೆ. ಹಾಗಾಗಿ ಆಸ್ಪತ್ರೆಯಿಂದ ಬಂದವರು ತಿಂಗಳುಗಟ್ಟಲೆ ಕಾಯಬಾರದು. ಮನೆಗೆ ಬಂದ 4 ವಾರದೊಳಗೆ ಮತ್ತೆ ಶುರು ಮಾಡುವಂತೆ ತಜ್ಞರು ಹೇಳುತ್ತಾರೆ, ಡಾಕ್ಟರ ಒಪ್ಪಿಗೆಯೊಂದಿಗೆ. ಬಿಟ್ಟಲ್ಲಿಂದ ಹಿಡಿಯಬೇಡಿ. ನೋಟ್‌ಬುಕ್ ತೆರೆದು, ನಿಲ್ಲಿಸಿದಾಗ ಇದ್ದ ಭಾರ ಮತ್ತು ಸಮಯ ಎರಡನ್ನೂ ಅರ್ಧ ಮಾಡಿ ಶುರು ಮಾಡಿ. ತುಳಿಯಲು ಆಗದ ದಿನಗಳಲ್ಲಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಹತ್ತು ಸಲ, ನಡುವೆ ಬಿಡುವು ಕೊಟ್ಟು, ಮಾಡಿ. ಎದ್ದು ನಿಲ್ಲುವಾಗ ಉಸಿರು ಹೊರಗೆ, ಕೂರುವಾಗ ಒಳಗೆ.